ಟಿಕೀಟಿನೊಳಗಿನ ಹಳಿ ಪಾಲು

ನಮ್ಮ ಡ್ರೈವರ್ ಕಾಕಾ ದಿನಾ ಮುಂಜಾನೆ ಮೊದಲನೆಯ ಟಿಕೀಟು ತಾವೇ ತೆಗೆಸುತ್ತಾರೆ. ನಾನು ಕುಳಿತು ಟಿಕೀಟು ಕೊಡುವ ಕಿಂಡಿಯೊಳಗೆ ನೋಟು ಚಾಚಿ, "ಒಂದು ಹಿರ್ಯಾರದು" ಅನ್ನುತ್ತಾರೆ. ಟಿಕೀಟನ್ನು ಬಿಳಿ ಟೋಪಿಯ ಮಡಿಕೆಗೆ ಸಿಗಿಸಿಕೊಂಡು ಎಂಜಿನ್ ಚಾಲೂ ಮಾಡಲು ಹೋಗುತ್ತಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಧೈರ್ಯ ಮಾಡಿ ಕೇಳಿದೆ.

"ಕಾಕಾ, ಗಾಡಿ ಹೊಡಿಯಾವ್ರಿಗೆ ಟಿಕೀಟ್ ಯಾಕ್ರಿ?"

"ನಡುವ ಚೆಕ್ಕಿಂಗ್ ಬಂದ್ರ?"

"ಚೆಕ್ಕಿಂಗ್ ಮಾಡಾವ್ರು ಯಾರ್ರಿ?"

"ನಾನಽ."

ನಮ್ಮ ಹಳಿಯ ಮೇಲೆ ಇಂಥದ್ದು ಒಂದು ಮುಗಿಯುವುದರೊಳಗೆ ಇನ್ನೊಂದು ಹುಟ್ಟುತ್ತದೆ. ಮನೆಗೆ ಹೋಗಿ ಹೇಳೋಣವೆಂದರೆ ಎಲ್ಲರೂ ಟಿವಿ ಕಡೆ ಮುಖ ಮಾಡಿರುತ್ತಾರೆ. ಶಾಲೆಯ ಗೆಳತಿಯರು ಪುಣೆಗೊಬ್ಬರು, ಸಾಂಗಲಿಗೊಬ್ಬರು ಆಗಿ ಹೋಗಿದ್ದಾರೆ. ಫೋನಿಗೆ ಒಂದು ನಗುವ ಮುಖ ಕಳಿಸಿ ಮುಗಿಸುತ್ತಾರೆ. ಹಾಗಾಗಿ ಬರೆದಿಡುತ್ತಿದ್ದೇನೆ.

ಗಾಡಿ ಯಾವುದು ಅಂದರೆ

ಶಿರಗುಪ್ಪಿ ಕಡೆಯ ಹೊಲಗಳಿಂದ ಕಾರ್ಖಾನೆಗೆ ಕಬ್ಬು ಸಾಗಿಸಲು ಹಿಂದೆ ಹಾಕಿದ್ದ ಸಣ್ಣ ಹಳಿ. ಟ್ರ್ಯಾಕ್ಟರ್ ಬಂದ ಮೇಲೆ ಹುಲ್ಲೊಳಗೆ ಮಲಗಿತ್ತು. ದ್ರಾಕ್ಷಿ ತೋಟದ ಮಾಲಕರೊಬ್ಬರು ಅದನ್ನು ಕೊಂಡು, ಡೀಸೆಲ್ ಎಂಜಿನ್ನಿಗೆ ಬಣ್ಣ ಬಳಿದು, ಕಬ್ಬು ಹೇರುತ್ತಿದ್ದ ಡಬ್ಬಿಗಳಲ್ಲಿ ಕೂರಲು ಬಾಕು ಜೋಡಿಸಿ, ಮಂದಿಯನ್ನು ಕಬ್ಬಿನ ನಡುವೆ ಕೃಷ್ಣಾ ದಂಡೆಯ ತನಕ ಕರೆದೊಯ್ದು ತಿರುಗಿ ತರುವ ಗಾಡಿ ಮಾಡಿದರು. ರವಿವಾರ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿಯಿಂದೆಲ್ಲ ಬರುತ್ತಾರೆ. ಟಿಕೀಟು ಅರವತ್ತು ರೂಪಾಯಿ. ಅದರಲ್ಲಿ ನಲವತ್ತು ಗಾಡಿಗೆ, ಇಪ್ಪತ್ತು ಹಳಿಗೆ. ಹಿರಿಯರಿಗೂ ಮಕ್ಕಳಿಗೂ ಗಾಡಿಯ ನಲವತ್ತು ಅರ್ಧವಾಗುತ್ತದೆ, ಹಳಿಯ ಇಪ್ಪತ್ತು ಆಗುವುದಿಲ್ಲ. "ಸವೆತಕ್ಕ ವಯಸ್ಸಿಲ್ಲ" ಅನ್ನುವುದು ಮಾಲಕರ ಮಾತು. ಹಳಿಯ ರೊಕ್ಕಕ್ಕೆ ಬೇರೆ ಡಬ್ಬಿ. ಅದನ್ನು ಚಹಾಕ್ಕೂ ಮುಟ್ಟುವಂತಿಲ್ಲ.

ಹೋದ ಮಹಾಪೂರದಲ್ಲಿ ನದಿ ಕಡೆಯ ಹಳಿಯ ಕೆಳಗಿನ ಅಡ್ಡ ಹಲಗೆಗಳೆಲ್ಲ ಕೊಳೆತವು. ಗಾಡಿ ಅಲ್ಲಿ ತೆವಳಿಕೊಂಡು ಹೋಗುತ್ತದೆ. ಮಾಲಕರು ನನ್ನನ್ನೂ ಕಾಕಾನನ್ನೂ ಕೂರಿಸಿಕೊಂಡು, "ಮುಂದಿನ ಮಳಿಗಾಲದೊಳಗ ಹಳಿ ಡಬ್ಬಿ ರೊಕ್ಕದಾಗ ಆ ತುಂಡು ರಿಪೇರಿ ಆಗಬೇಕು. ಇಲ್ಲಂದ್ರ ಎಂಜಿನ್ ಗುಜರಿಗೆ. ನನ್ನ ದ್ರಾಕ್ಷಿ ರೊಕ್ಕ ಕಬ್ಬಿಣಕ್ಕ ಹಾಕಾಂಗಿಲ್ಲ" ಎಂದರು.

ಕಾಕಾ ತಲೆ ಕೆರೆದುಕೊಂಡರು. ನಾನು ಹಳಿ ಡಬ್ಬಿ ಬಿಚ್ಚಿ ಎಣಿಸಿದೆ. ಸಂಬಳದ ಚಿಂತೆಗಲ್ಲ. ಆ ಕಿಂಡಿಯಲ್ಲಿ ಕುಳಿತಾಗ ಮಾತಾಡಲು ನನಗೊಂದು ಕಾರಣ ಇರುತ್ತದೆ. "ಎಷ್ಟು ಮಂದಿ? ಎಲ್ಲಿಂದ ಬಂದ್ರಿ? ಚಿಲ್ಲರೆ ಇದೆಯಾ?" ದಿನಕ್ಕೆ ಇಷ್ಟಾದರೂ ಆಗುತ್ತದೆ. ಗಾಡಿ ನಿಂತರೆ ಇವೂ ನಿಲ್ಲುತ್ತವೆ.

ತೂಕದ ಮೇಲೆ

ಟಿಕೀಟಿನೊಳಗಿನ ಆ ಇಪ್ಪತ್ತರ ಹಳಿ ಪಾಲು ಅಂದರೇನು ಎಂದು ಎಲ್ಲರೂ ಕೇಳುತ್ತಾರೆ. ನಾನು ಇಂಗ್ಲಿಷ್ ಶಾಲೆಯ ನಾಲಿಗೆಯಲ್ಲಿ "ಮೇಂಟೆನೆನ್ಸ್" ಎಂದು ಶುರು ಮಾಡಿದರೆ ಮುಖಗಳು ಬಾಡುತ್ತವೆ. ಕೊನೆಗೆ ಕಾಕಾ ಹೇಳಿಕೊಟ್ಟರು: "ಏತ ನೀರಾವರಿ ಪೈಪ್‌ಲೈನ್ ಒಡೆದ್ರ ಎಲ್ಲಾರೂ ಹೊಲದ ಪ್ರಮಾಣದ ಮ್ಯಾಲೆ ರೊಕ್ಕದ ಪಟ್ಟಿ ಹಾಕ್ತಾರಲ್ಲ, ಹಂಗ ಅಂತ ಹೇಳು ಯವ್ವಾ." ಹೇಳಿದೆ. ತಿಳಿಯಿತು. ತಿಳಿದದ್ದೇ ತಪ್ಪಾಯಿತು.

ರಾಯಬಾಗದ ಕಬ್ಬಿನ ರೈತರೊಬ್ಬರು ಹೆಂಡತಿಯೊಂದಿಗೆ ಬಂದಿದ್ದರು. ಹೆಂಡತಿ ಕಿಂಡಿಗೆ ಬಾಗಿ, "ಹಂಗಾರ ಇವರ ಪಾಲು ಬ್ಯಾರೆ, ನನ್ನ ಪಾಲು ಬ್ಯಾರೆ ಆಗಬೇಕಲ್ಲ? ಇವರನ್ನ ನೋಡ್ರಿ, ನನ್ನ ನೋಡ್ರಿ. ಹಳಿ ಸವೆಸಾವ್ರು ಯಾರು?" ಎಂದರು.

ಗಂಡ ಹೊಟ್ಟೆ ಒಳಗೆಳೆದುಕೊಂಡು, "ಏ, ಸುಮ್ನಿರ ನೀ" ಎಂದರು.

"ಕಬ್ಬು ತೂಕದ ಮ್ಯಾಲೆ ತಗೋತಾರ, ಮಂದೀನೂ ತೂಕದ ಮ್ಯಾಲೆ ಕುಂಡ್ರಸ್ರಿ."

ಹಿಂದಿನವರೆಲ್ಲ ಹೌದು ಹೌದು ಅನ್ನತೊಡಗಿದರು. ಮಗ್ಗುಲಲ್ಲೇ ಕಬ್ಬು ತೂಗುತ್ತಿದ್ದ ಹಳೆಯ ಕಾಟಾ ಇತ್ತು. ಕಾಕಾ ತಮಾಷೆಗೆ ಅದರ ಧೂಳು ಒರೆಸಿದರು. ಗಂಡ ಹತ್ತಿ ನಿಂತರು. ಮುಳ್ಳು ಓಡಿ ಎಲ್ಲಿಗೋ ಹೋಗಿ ನಡುಗುತ್ತ ನಿಂತಿತು. ಅವರು ಅದನ್ನೇ ನೋಡುತ್ತ ನಿಂತರು. ಮುಖ ಕೆಂಪಾಯಿತು.

"ನನ್ನ ಜಲ್ಮದಾಗ ಕಬ್ಬು ಹಾಕಿದಾಗೆಲ್ಲಾ ಕಮ್ಮಿ ತೋರಸಿದ ಕಾಟಾ ಇದು! ಇವತ್ತ ನಾ ರೊಕ್ಕ ಕೊಡೂ ಪಾಳಿ ಬಂತು, ಜಾಸ್ತಿ ತೋರಸಾಕತ್ತೈತಿ ನೋಡ್ರಿ!"

ಒಬ್ಬಳೇ ಪ್ಯಾಸೆಂಜರು

ವಾರದ ನಡುವೆ ಮಂದಿ ಬರುವುದಿಲ್ಲ. ಕಬ್ಬಿನ ಮೇಲೆ ಗಾಳಿ ಹಾಯುವ ಸದ್ದು ಬಿಟ್ಟರೆ ಬೇರೇನಿಲ್ಲ. ಒಂದು ಬುಧವಾರ ಮಧ್ಯಾಹ್ನದ ತನಕ ಕಿಂಡಿಯೆದುರು ಒಂದು ನಾಯಿ ಬಂದು ಮಲಗಿದ್ದೇ ಗಿರಾಕಿ. ಕಾಕಾ, "ಓಡಸದಿದ್ರ ಹಳಿ ತುಕ್ಕು ಹಿಡೀತೈತಿ. ನೀನಽ ಕುಂಡ್ರು ಬಾ" ಎಂದರು.

ನಾನು ಅರವತ್ತು ರೂಪಾಯಿ ಡಬ್ಬಿಗೆ ಹಾಕಿ, ನನಗೇ ನಾನು ಟಿಕೀಟು ಹರಿದುಕೊಟ್ಟು, "ಥ್ಯಾಂಕ್ ಯೂ" ಎಂದೂ ಹೇಳಿಕೊಂಡು, ಹಿಂದಿನ ಡಬ್ಬಿಯಲ್ಲಿ ಕುಳಿತೆ. ಖಾಲಿ ಬಾಕುಗಳು ಒಂದಕ್ಕೊಂದು ತಾಗಿ ಗಿಲಗಿಲ ಅನ್ನುತ್ತಿದ್ದವು. ಎರಡೂ ಕಡೆ ಕಬ್ಬು ತಲೆಗಿಂತ ಎತ್ತರ, ಮೇಲೆ ಪಟ್ಟಿಯಷ್ಟು ಆಕಾಶ. ಯಾರ ಜೊತೆಗಾದರೂ ನೋಡಬೇಕಾದ ಜಾಗ ಅನ್ನಿಸಿತು. ಫೋನಿನಲ್ಲಿ ಚಿತ್ರ ತೆಗೆದೆ. ಯಾರಿಗೆ ಕಳಿಸುವುದು ಎಂದು ಹೆಸರುಗಳನ್ನು ಮೇಲೆ ಕೆಳಗೆ ಸರಿಸಿದೆ. ಹಾಗೇ ಜೇಬಿಗಿಟ್ಟೆ.

ಅಷ್ಟರಲ್ಲಿ ಗಾಡಿ ನಿಂತಿತು. ಕಾಕಾ ಇಳಿದು ಬಂದು ಗಂಭೀರವಾಗಿ ಕೈ ಚಾಚಿದರು.

"ಟಿಕೀಟ್?"

ತಡಕಾಡಿದೆ. ಅದು ಕಿಂಡಿಯ ಮೇಜಿನ ಮೇಲೇ ಉಳಿದಿತ್ತು.

"ಕಾಕಾ, ನಾನಽ ಹರದು ನನಗಽ ಕೊಟ್ಟೇನ್ರಿ."

"ಎಲ್ಲಾರೂ ಹಿಂಗಽ ಹೇಳ್ತಾರ," ಎಂದು ಕಾಕಾ ದಂಡ ಹಾಕಿದರು.

ಅಪ್ಪನ ಎದೆಯ ಮೇಲೆ

ದಂಡದಿಂದ ಹಲಗೆ ಬರುವುದಿಲ್ಲವಲ್ಲ. ಹಳಿ ಡಬ್ಬಿ ತುಂಬುವ ವೇಗ ನೋಡಿ ಮಾಲಕರು ಇನ್ನೊಂದು ಉಪಾಯ ತೆಗೆದರು. ಗುಡಿಯಲ್ಲಿ ಫ್ಯಾನಿನ ರೆಕ್ಕೆಗೆ, ಟ್ಯೂಬ್‌ಲೈಟಿಗೆ ದೇಣಿಗೆ ಕೊಟ್ಟವರ ಹೆಸರು ಬರೆಸುತ್ತಾರಲ್ಲ, ಹಾಗೆ ಒಂದು ಹಲಗೆಯ ಖರ್ಚು ಕೊಟ್ಟವರ ಹೆಸರನ್ನು ಆ ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆಯುವುದು. ಬರೆಯುವ ಕೆಲಸ ಕಾಕಾಂದು.

ಮಂದಿ ಮುಗಿಬಿದ್ದರು. ಆದರೆ ಒಬ್ಬರೂ ತಮ್ಮ ಹೆಸರು ಹಾಕಿಸಲಿಲ್ಲ. ಎಲ್ಲರೂ ತೀರಿಕೊಂಡ ತಂದೆಯ ಹೆಸರು ಹಾಕಿಸಿದರು. ನಾವು ಖುಷಿಯಿಂದ ಹೊಸ ಹಲಗೆ ಜೋಡಿಸಿ ರವಿವಾರ ಗಾಡಿ ಬಿಟ್ಟೆವು.

ನದಿ ಕಡೆಯ ತುಂಡಿಗೆ ಬಂದದ್ದೇ ಅಥಣಿಯ ಒಬ್ಬರು ಚೀರಿದರು. "ನಿಂದ್ರಸ್ರೀ! ಅಪ್ಪನ ಎದಿ ಮ್ಯಾಲೆ ಹೊಂಟೀರಿ!"

ಗಾಡಿ ನಿಂತಿತು. ಆ ಮನೆಯವರೆಲ್ಲ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು, ಹಲಗೆಗೆ ಕೈಮುಗಿದು, ಬದಿಯಿಂದ ಸುತ್ತಿ ಬಂದು ಮುಂದೆ ಹತ್ತಿದರು. ನಾಲ್ಕು ಹೆಜ್ಜೆ ಮುಂದೆ ನಿಪ್ಪಾಣಿಯವರ ಅಪ್ಪ. ಅವರೂ ಇಳಿದರು. ಆಮೇಲೆ ಚಿಕ್ಕೋಡಿಯವರ ಅಪ್ಪ. ಹತ್ತುವುದು, ಇಳಿಯುವುದು, ಕೈಮುಗಿಯುವುದು. ಮುಂಜಾನೆ ಹೊರಟ ಗಾಡಿ ನದಿ ಮುಟ್ಟುವುದರೊಳಗೆ ಬುತ್ತಿ ಬಿಚ್ಚುವ ಹೊತ್ತು ಮೀರಿತ್ತು.

ತಿರುಗಿ ಬಂದ ಮೇಲೆ ಬೈಗುಳ ತಿನ್ನಲು ಸಿದ್ಧಳಾಗಿ ಕಿಂಡಿಯಲ್ಲಿ ತಲೆ ತಗ್ಗಿಸಿ ಕುಳಿತಿದ್ದೆ. ಒಬ್ಬ ಹಿರಿಯರು ಬೆವರು ಒರೆಸಿಕೊಳ್ಳುತ್ತ ಬಂದು, "ಡಾಕ್ಟರ್ ನನಗ ದಿನಾ ನಡೀಬೇಕು ಅಂತ ಹೇಳಿ ಹೇಳಿ ಸೋತಿದ್ರು. ನಿಮ್ಮ ರೈಲಿನ್ಯಾಗ ಕುಂತ ಮ್ಯಾಲೆ ಚಾಲೂ ಆತು ನೋಡ್ರಿ" ಎಂದರು.

ಗಟ್ಟಿ ಅದಾನ

ಆದರೆ ಆವತ್ತಿನಿಂದ ಹಲಗೆ ಕೇಳುವವರು ನಿಂತೇಬಿಟ್ಟರು. ಹಾಕಿಸಿದವರು ಅಪ್ಪಂದಿರ ಹೆಸರನ್ನು ಕೆರೆಸಿಕೊಂಡು ಹೋದರು. ನದಿ ಕಡೆಯ ತುಂಡಿನ ರಿಪೇರಿ ಅರ್ಧಕ್ಕೂ ಬಂದಿರಲಿಲ್ಲ, ಬಿಸಿಲು ಏರುತ್ತಿತ್ತು, ಮಾಲಕರು ಗುಜರಿಯವನ ಜೊತೆ ಫೋನಿನಲ್ಲಿ ಮಾತಾಡಿದ್ದು ನನ್ನ ಕಿವಿಗೆ ಬಿತ್ತು. ಆಗ ಸದಲಗಾದಿಂದ ಒಬ್ಬರು ಬಂದು, ಹಿಂದೆ ಮುಂದೆ ನೋಡಿ, ಕಿಂಡಿಗೆ ಬಾಯಿ ಹಚ್ಚಿ ಕೇಳಿದರು.

"ನಮ್ಮ ಹೆಸರಲ್ಲ, ಬ್ಯಾರೇದವ್ರ ಹೆಸರ ಬರಸಬಹುದೇನ್ರಿ?"

"ಬರಸಬಹುದ್ರಿ. ಯಾರದು?"

"ನಮ್ಮ ತಮ್ಮಂದು."

"ಅಯ್ಯೋ, ತೀರಿಕೊಂಡ್ರೇನ್ರಿ?"

"ಇಲ್ರಿ. ಗಟ್ಟಿ ಅದಾನ. ಅದಕಽ."

ನನಗೆ ತಿಳಿಯಲು ತುಸು ಹೊತ್ತು ಹಿಡಿಯಿತು. ಹೊಲದ ಬದುವಿನ ಜಗಳವಂತೆ, ಮಾತು ಬಿಟ್ಟು ವರ್ಷಗಳಾದವಂತೆ.

"ದಿನಕ್ಕ ಎಷ್ಟ ಸಲ ಹಾಯ್ತೈತ್ರಿ ಗಾಡಿ?"

"ರವಿವಾರ ನಾಕ ಸಲ ಹೋಗಿ ಬರ್ತೈತ್ರಿ. ಹಬ್ಬಕ್ಕ ಇನ್ನೂ ಹೆಚ್ಚು."

ಅವರ ಮುಖ ಅರಳಿತು. "ಅಕ್ಷರ ದೊಡ್ಡದು ಬರಸ್ರಿ. ಎರಡ ಕೋಟ್ ಬಣ್ಣಾ ಹೊಡಸ್ರಿ."

ಬರೆಸಿ ಅಷ್ಟಕ್ಕೇ ಬಿಡಲಿಲ್ಲ, ಟಿಕೀಟು ತೆಗೆಸಿ ಹತ್ತಿದರು. ತಮ್ಮನ ಹಲಗೆ ಬಂದಾಗ ಬಾಕಿನಿಂದ ತುಸು ಎದ್ದು, ಧಪ್ ಅಂತ ಕುಳಿತರಂತೆ.

ವಾರದೊಳಗೆ ತಮ್ಮ ಬಂದ. ಅಣ್ಣನ ಹೆಸರು, ಮಗ್ಗುಲ ಹಲಗೆ, ಮೂರು ಕೋಟ್ ಬಣ್ಣ. ಸುದ್ದಿ ಹಬ್ಬಿತು. ಸಂಘದ ಚುನಾವಣೆಯಲ್ಲಿ ಸೋತವರು ಗೆದ್ದವರ ಹೆಸರು ತಂದರು. ಸೊಸೆಯೊಬ್ಬಳು ಮುಖಕ್ಕೆ ಸೆರಗು ಮುಚ್ಚಿಕೊಂಡು ಬಂದಳು. ಯಾರ ಹೆಸರೆಂದು ನಾನು ಬರೆಯುವುದಿಲ್ಲ. ಬಂದವರು ಒಮ್ಮೆ ಬಂದು ಹೋಗುವ ಪೈಕಿಯಲ್ಲ, ವಾರ ವಾರ ಬಂದು ಧಪ್ ಅಂತ ಕೂತು ಹೋಗುವವರು. ಪ್ರತಿ ಸಲ ಇಪ್ಪತ್ತು ಹಳಿಗೆ. ನದಿ ಕಡೆಯ ತುಂಡಿಗೆ ಹಲಗೆಯ ಮೇಲೆ ಹಲಗೆ ಬಿದ್ದವು. ನಾನು ಬಸ್ಸಿನಲ್ಲಿ ಯಾರಾದರೂ ಜಗಳಾಡಿದರೆ ಪ್ರೀತಿಯಿಂದ ನೋಡತೊಡಗಿದೆ.

ಮಾಲಕರು ಗುಜರಿಯವನಿಗೆ ಬರಬೇಡ ಎಂದರು. "ಇಷ್ಟ ದಿನ ಹಳಿಗೆ ಕಟಿಗಿ ಹುಡುಕತಿದ್ವಿ. ಇನ್ನಮ್ಯಾಲೆ ಊರಾಗ ಶಾಂತಿ ಆಗದಂಗ ನೋಡ್ಕೊಂಡ್ರ ಸಾಕು."

ಧಪ್

ಶಾಂತಿ ಆಗಿಯೇಬಿಟ್ಟಿತು.

ಹೋದ ರವಿವಾರ ಅಣ್ಣ ತಮ್ಮ ಇಬ್ಬರೂ, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಒಂದೇ ಗಾಡಿ ಹತ್ತಿದ್ದರು. ಜಾಗವಿಲ್ಲದೆ ಒಂದೇ ಬಾಕಿನ ಎರಡು ತುದಿಗೆ, ಮುಖ ಆಚೆ ಈಚೆ ತಿರುಗಿಸಿಕೊಂಡು ಕುಳಿತರು. ಹಲಗೆಗಳು ಮಗ್ಗುಲ ಮಗ್ಗುಲಲ್ಲೇ ಇದ್ದವಲ್ಲ, ಇಬ್ಬರೂ ಒಟ್ಟಿಗೆ ಎದ್ದರು, ಒಟ್ಟಿಗೆ ಕುಳಿತರು. ಬಾಕು ನಡುವೆ ಮುರಿದು ಇಬ್ಬರೂ ಜಾರಿ ಒಬ್ಬರ ಮೇಲೊಬ್ಬರು ಬಿದ್ದರು. ತಮ್ಮನಿಗೆ ಮೊದಲು ನಗೆ ಬಂತಂತೆ. ಆಮೇಲೆ ಅಣ್ಣನಿಗೆ. ನದಿ ಮುಟ್ಟುವ ತನಕ ಕೆಳಗೇ ಕುಳಿತು ನಕ್ಕರಂತೆ.

ಇಬ್ಬರೂ ಒಂದೇ ಕಾಗದದ ಪೊಟ್ಟಣದಿಂದ ಖಾರದ ಭಡಂಗ ಚುರುಮುರಿ ತಿನ್ನುತ್ತ ನನ್ನ ಕಿಂಡಿಗೆ ಬಂದರು. ಅವರ ಹಿಂದೆ ಉದ್ದ ಸಾಲು. ಅದರಲ್ಲಿ ಅರ್ಧ ಮಂದಿ ಯಾರದೋ ಹೆಸರಿಗೆ ರೊಕ್ಕ ಕಟ್ಟಿದವರೇ.

"ಮೇಡಮ್ಮಾರ, ಆ ಎರಡೂ ಹೆಸರ ಅಳಸ್ರಿ, ರೊಕ್ಕ ತಿರಗಿ ಕೊಡ್ರಿ," ಎಂದರು ಅಣ್ಣ. "ನಮ್ಮ ತಮ್ಮನ ಮ್ಯಾಲೆ ಗಾಡಿ ಹೊಡಿಯಾಕ ನಿಮಗ ಮನಸರ ಹೆಂಗ ಬಂತ್ರಿ?"

ಸಾಲು ಕಿವಿ ನಿಮಿರಿಸಿತು. ಇವರಿಗೆ ಕೊಟ್ಟರೆ ನಾಳೆ ಎಲ್ಲರಿಗೂ ಕೊಡಬೇಕು, ರಿಪೇರಿ ಅರ್ಧಕ್ಕೆ ನಿಂತು ಕಿತ್ತ ಹಳಿಯ ಮೇಲೆ ಮಳೆ ಬೀಳುತ್ತದೆ, ಗುಜರಿಯವನು ಬರುತ್ತಾನೆ. ನನ್ನ ದನಿ ನನಗೇ ಕೇಳದಷ್ಟು ಸಣ್ಣದಾಯಿತು. "ರೊಕ್ಕ ಹಳಿಯೊಳಗ ಹೋಗೇತ್ರಿ."

ಅಣ್ಣ ತಮ್ಮ ಮುಖ ಮುಖ ನೋಡಿಕೊಂಡರು. ತಮ್ಮ ಅಂದ, "ಹಂಗಾರ ರೊಕ್ಕ ಇರ್ಲಿ ಬಿಡ ಅಣ್ಣಾ. ಆದ್ರ ಹಲಗಿ ಖಾಲಿ ಬಿಡಬಾರದು. ಖಾಲಿ ಕಂಡ್ರ ಮತ್ಯಾರರ ಬಂದು ನಮ್ಮ ಹೆಸರಽ ಬರಸ್ತಾರ."

"ದೇವರ ಹೆಸರ ಹಾಕಸೂಣೇನು?"

"ದೇವರ ಮ್ಯಾಲೆ ಗಾಲಿ ಹಾಯಸ್ತೀಯೇನ? ಯಾರ ಕೂಡಾನೂ ಜಗಳ ಇಲ್ಲದವ್ರ ಹೆಸರ ಬೇಕು."

ಸಾಲಿನಲ್ಲಿ ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದರು. ಹೇಳಿದ ಕೂಡಲೇ ಇನ್ನೊಬ್ಬರು, "ಅವನಾ? ಅವನ ಸುದ್ದಿ ತೆಗೀಬ್ಯಾಡ್ರಿ" ಅನ್ನುತ್ತಿದ್ದರು. ಐದು ತಾಲೂಕಿನಲ್ಲಿ ಅಂಥವರು ಒಬ್ಬರೂ ಸಿಗಲಿಲ್ಲ. ಕಾಕಾ ಬಣ್ಣದ ಡಬ್ಬಿ, ಬ್ರಶ್ ಹಿಡಿದು ಕಾಯುತ್ತ ನಿಂತಿದ್ದರು.

ಆಗ ಅಣ್ಣ ಸೊಂಟ ಬಗ್ಗಿಸಿ, ಕಿಂಡಿಯೊಳಗೆ ಇಣುಕಿ, ನನ್ನ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದರು. ಅಲ್ಲಿಯ ತನಕ ಎಲ್ಲರೂ ನೋಡಿದ್ದು ನನ್ನ ಕೈಯನ್ನೇ.

"ತಂಗೀ, ನಿಮ್ಮ ಕೂಡ ಯಾರದರ ಜಗಳ ಐತೇನ್ರಿ?"

ಇಲ್ಲವೆಂದು ತಲೆಯಾಡಿಸಿದೆ. ಜಗಳಕ್ಕಾದರೂ ಒಬ್ಬರು ಬೇಕಲ್ಲ.

"ಸಿಕ್ರು!" ಎಂದು ತಮ್ಮ ಕೂಗಿದ. ಸಾಲೆಲ್ಲ ಹೋ ಎಂದಿತು. ಕಾಕಾ ಬ್ರಶ್ಶನ್ನು ಬಣ್ಣದಲ್ಲಿ ಅದ್ದಿ ಮೇಲೆತ್ತಿ, ಅಲ್ಲೇ ತಡೆದು, "ಅಲ್ಲ ಯವ್ವಾ, ನಿನ್ನ ಹೆಸರ ನಾನೂ ಕೇಳಿಲ್ಲ ನೋಡು" ಎಂದರು.

ಬ್ರಶ್ಶಿನಿಂದ ಬಿಳಿ ಬಣ್ಣ ಕಾಕಾನ ಚಪ್ಪಲಿಯ ಮೇಲೆ ಹನಿಯುತ್ತಿತ್ತು.

"ಹೇಳ್ರಿ ತಂಗಿ," ಎಂದರು ಅಣ್ಣ, "ನಿಮ್ಮ ಹೆಸರರ ಹೇಳ್ರಿ, ಇಲ್ಲಾ ನಮ್ಮ ರೊಕ್ಕರ ಕೊಡ್ರಿ."