ಸ್ಪಷ್ಟವಾಗಿ ಕಂಡ ಮದುವೆ

ಎಲ್ಲ ಶುರುವಾದದ್ದು ಕನ್ನಡಕದಂಗಡಿಯವನ ಹೆಂಡತಿಯ ಅಕ್ಕನ ಒಂದು ಮಾತಿನಿಂದ. ಭಾನುವಾರ ಬಂದವಳು ಇವರ ಮದುವೆಯ ವಿಡಿಯೋ ಕ್ಯಾಸೆಟ್ಟನ್ನು ಹತ್ತು ನಿಮಿಷ ನೋಡಿ, “ನಿಮ್ಮ ಮದುವೆ ಹಾಲ್‌ನಲ್ಲಿ ಆಗಿದ್ದಾ, ಮಂಜಿನಲ್ಲಾ? ನನ್ನ ಮದುವೇದು ನೋಡಿ, ರೆಪ್ಪೆ ಎಣಿಸಬಹುದು” ಎಂದಳು.

ಮಾತು ಸುಳ್ಳಲ್ಲ. ಹದಿನೆಂಟು ವರ್ಷದಿಂದ ಪ್ರತಿ ವಾರ್ಷಿಕೋತ್ಸವಕ್ಕೂ ಗಂಡ ಹೆಂಡತಿ ಆ ಕ್ಯಾಸೆಟ್ ಹಾಕಿಕೊಂಡು ಕೂರುತ್ತಿದ್ದರು. ತೆರೆಯ ಮೇಲೆ ಹಾಲಿನಲ್ಲಿ ಅದ್ದಿ ತೆಗೆದಂಥ ಆಕಾರಗಳು ಓಡಾಡುತ್ತಿದ್ದವು. ಉದ್ದನೆಯದು ಮಾವ, ಗುಂಡಗಿನದು ಸೋದರತ್ತೆ, ಕೆಂಪಗಿರುವುದು ಮದುಮಗಳು ಎಂದು ಗುರುತು ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದರು.

“ಊರವರಿಗೆಲ್ಲ ಕಣ್ಣು ಕಾಣೋ ಹಾಗೆ ಮಾಡ್ತೀರಿ, ನನ್ನ ಮದುವೆ ಮಾತ್ರ ನನಗೇ ಕಾಣಲ್ಲ” ಎಂದಳು ಹೆಂಡತಿ. “ಬುಧವಾರ ವಾರ್ಷಿಕೋತ್ಸವಕ್ಕೆ ಅಕ್ಕನ್ನ ಮತ್ತೆ ಕರೀತೀನಿ. ಅಷ್ಟರಲ್ಲಿ ಒಳ್ಳೇ ಡಿವಿಡಿ ಮಾಡಿಸಿ. ಹೋದ ವರ್ಷ ನಾನು ಕ್ಯಾಸೆಟ್ ಹಾಕೋವರೆಗೂ ಆ ದಿನಾನೇ ಮರೆತಿದ್ರಿ, ನೆನಪಿದೆ ತಾನೆ?”

ನೆನಪಿತ್ತು. ಬುಧವಾರ ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ, ‘ಈಗ ಬಂದೆ’ ಎಂಬ ಹಲಗೆ ತೂಗುಹಾಕಿ, ಕ್ಯಾಸೆಟ್ ತೆಗೆದುಕೊಳ್ಳಲು ಮನೆಗೆ ಬಂದ. ಎದುರುಮನೆಯ ಡ್ರಾಯಿಂಗ್ ಮೇಷ್ಟ್ರು ಗೇಟಿನಲ್ಲೇ ಅಡ್ಡ ಬಂದು ವಿಷಯ ಕೇಳಿ ತಿಳಿದುಕೊಂಡರು. ಈ ಬೀದಿಗೆ ಬಂದು ಎರಡೇ ವರ್ಷವಾಗಿದ್ದರೂ ಅವರ ಸಲಹೆ ಮುಟ್ಟದ ಮನೆಯಿರಲಿಲ್ಲ.

“ಸ್ಟುಡಿಯೋಗೆ ಆಮೇಲೆ ಹೋಗಿ. ಮೊದಲು ನಿಮ್ಮ ಪ್ಲೇಯರಿನ ಹೆಡ್ ಕ್ಲೀನ್ ಮಾಡಿ ನೋಡೋಣ. ಕೊಳೆ ಅಲ್ಲೇ ಇರುತ್ತೆ” ಎಂದು ಒಳಗೆ ಬಂದೇಬಿಟ್ಟರು.

ಹತ್ತಿ ಬಂತು, ಸ್ಪಿರಿಟ್ ಬಂತು. ಮೇಷ್ಟ್ರು ತಿಕ್ಕಿದರು, ಅವನು ಟಾರ್ಚು ಹಿಡಿದ. ಕ್ಯಾಸೆಟ್ ಹಾಕಿದ ಕೂಡಲೇ ಪ್ಲೇಯರು ಹಸಿದ ಕರುವಿನಂತೆ ಒಂದು ಮೊಳ ಟೇಪು ಎಳೆದುಕೊಂಡು ಸುಮ್ಮನಾಯಿತು. ಕನ್ನಡಕದ ಸ್ಕ್ರೂ ಹಿಡಿಯುವ ಚಿಮಟದಿಂದ ಅದನ್ನು ಬಿಡಿಸುವಷ್ಟರಲ್ಲಿ ಹನ್ನೊಂದು ಗಂಟೆ. ಟೇಪು ನೆರಿಗೆ ನೆರಿಗೆಯಾಗಿತ್ತು.

“ಒಂದು ಮೊಳ ಅಂದ್ರೆ ಕಣ್ಣು ಮಿಟುಕಿಸೋದ್ರೊಳಗೆ ಹೋಗುತ್ತೆ, ಯಾರಿಗೂ ಗೊತ್ತಾಗಲ್ಲ” ಎಂದು ಸಮಾಧಾನ ಹೇಳಿ ಮೇಷ್ಟ್ರು ಶಾಲೆಗೆ ಹೋದರು.

ಸ್ಟುಡಿಯೋದವನು ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿದ. “ಸರ್, ಬೂಷ್ಟು ಹಿಡಿದಿದೆ, ತೆಗೆದ ದಿನದಿಂದಲೇ ಇದ್ದಂತಿದೆ. ಸ್ವಚ್ಛ ಮಾಡಿ ನಮ್ಮ ಮಷೀನಿಗೆ ಹಾಕಿದ್ರೆ ಕನ್ನಡಿ ಥರ ಬರುತ್ತೆ. ಎಷ್ಟು ಹೊತ್ತಿನದು?”

“ಮೂರು ಗಂಟೆ. ಒಂದೇ ಡಿಸ್ಕಿಗೆ ಹಾಕಿಬಿಡಿ.”

“ಮೂರು ಗಂಟೇನ ಒಂದೇ ಡಿಸ್ಕಿಗೆ ತುರುಕಿದ್ರೆ ಮತ್ತೆ ಮಂಜೇ. ಗಂಟೆಗೊಂದು ಡಿಸ್ಕ್. ಡಿಸ್ಕಿಗೆ ಬರೆಯೋದೂ ನಿಧಾನವಾಗಿ. ಅರ್ಜೆಂಟಾದ್ರೆ ಬೇರೆ ಕಡೆ ಹೋಗಿ.”

ಅವನು ಕಾಯುತ್ತ ಕೂತ. ಚಿತ್ರ ಮೂಡಿತು. ಮೊದಲು ಹೂವಿನ ಬಾಗಿಲು ಕಾಣಿಸಿತು, ಒಂದೊಂದು ಎಸಳೂ ಬೇರೆ ಬೇರೆ. ಅವನ ಎದೆ ತುಂಬಿಬಂತು. ಅಷ್ಟರಲ್ಲಿ ಫೋನು. ರಿಪೇರಿಗೆ ಕೊಟ್ಟ ಅಂಚೆಯವನ ಕನ್ನಡಕ ಬೀಗ ಹಾಕಿದ ಅಂಗಡಿಯೊಳಗೆ ಉಳಿದಿತ್ತು. ಆತ ಅಂದಾಜಿನ ಮೇಲೆ ಕಾಗದ ಹಂಚುತ್ತಾ ಹೋಗಿ, ವಕೀಲರಿಗೆ ಬಂದ ನೋಟೀಸನ್ನು ದಂತವೈದ್ಯರ ಮನೆಗೂ, ದಂತವೈದ್ಯರ ಮಗಳಿಗೆ ಬಂದ ಪ್ರೇಮಪತ್ರವನ್ನು ವಕೀಲರಿಗೂ ಕೊಟ್ಟಿದ್ದ. ಬೀದಿಯೆಲ್ಲ ಅಂಗಡಿಯ ಮುಂದೆ ಸೇರಿತ್ತು. ಕನ್ನಡಕದಂಗಡಿಯವನು ಓಡಿದ. ಸಂಜೆಯವರೆಗೆ ಬೈಸಿಕೊಂಡು, ಆರು ಗಂಟೆಗೆ ಸ್ಟುಡಿಯೋದಿಂದ ಮೂರು ಡಿಸ್ಕುಗಳನ್ನು ಪಡೆದು ಎದೆಗವಚಿಕೊಂಡು ಮನೆ ಸೇರಿದ.

ಹೆಂಡತಿ, ಅವಳ ಅಕ್ಕ, ಮೇಷ್ಟ್ರು, ಮೇಷ್ಟ್ರ ಹೆಂಡತಿ ಎಲ್ಲರೂ ಟಿವಿಯ ಮುಂದೆ ಕೂತಿದ್ದರು. ಹೂವಿನ ಬಾಗಿಲು ಬಂತು. “ಅಬ್ಬಾ, ಏನು ಕ್ಲಿಯರ್” ಎಂದಳು ಅಕ್ಕ, ಮನಸ್ಸಿಲ್ಲದೆ. “ಡಿಸ್ಕಿಗೆ ನಿಧಾನವಾಗಿ ಬರೆಸಿದ್ದು” ಎಂದ ಅವನು. ಹೆಂಡತಿ ಗಂಡನ ಕಡೆ ನೋಡಿ ನಕ್ಕಳು. ಹಾಗೆ ನಕ್ಕು ವರ್ಷವಾಗಿತ್ತು.

ಆಮೇಲೆ ಮದುಮಗಳು ಬಂದಳು.

“ಇದು ನಾನಲ್ಲ” ಎಂದಳು ಹೆಂಡತಿ.

ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. “ಹದಿನೆಂಟು ವರ್ಷ ಆಯ್ತಲ್ಲ. ವಯಸ್ಸಾದಂತೆ ಮುಖ ಬದಲಾಗುತ್ತೆ.”

“ಮೂಗು ಬದಲಾಗುತ್ತೇನ್ರೀ?”

ಮಾವ ಎಂದುಕೊಂಡಿದ್ದ ಉದ್ದನೆಯ ಆಕಾರಕ್ಕೆ ಈಗ ದೊಡ್ಡ ಮೀಸೆಯಿತ್ತು. ಸೋದರತ್ತೆ ಒಬ್ಬ ಗಂಡಸಾಗಿದ್ದಳು.

“ರೀ,” ಎಂದರು ಮೇಷ್ಟ್ರ ಹೆಂಡತಿ, ಮೆಲ್ಲಗೆ, “ಅದು ನಮ್ಮಪ್ಪ. ಅದು ನಾನು. ಅಲ್ಲಿ ಬೆವರ್ತಾ ಕೂತಿರೋದು ನೀವು.”

ಮೇಷ್ಟ್ರು ತೆರೆಯ ಹತ್ತಿರ ಹೋಗಿ ತಮ್ಮನ್ನು ತಾವೇ ನೋಡಿಕೊಂಡರು. “ನಮ್ಮ ಮದುವೆ ವಿಡಿಯೋ ತೆಗೆದವನು ಎರಡು ಮದುವೆ ಕ್ಯಾಸೆಟ್ ಅದಲುಬದಲು ಮಾಡಿದ್ದ. ವಾಪಸ್ ಕೊಡೋಣ ಅಂದ್ರೆ ಅವನು ಊರೇ ಬಿಟ್ಟಿದ್ದ. ಹಾಗಾದ್ರೆ ನಮಗೆ ಬಂದಿದ್ದು ನಿಮ್ಮದು.”

“ಅದೆಲ್ಲಿದೆ?” ಹೆಂಡತಿ ಎದ್ದು ನಿಂತಳು.

“ಇದೆ, ಇದೆ. ಯಾರದೋ ಅಂತ ಅದರ ಮೇಲೆ ಒಂದು ಫುಟ್‌ಬಾಲ್ ಮ್ಯಾಚ್ ರೆಕಾರ್ಡ್ ಮಾಡಿದ್ದೀನಿ. ಫೈನಲ್ಲು. ಕೊನೇಲಿ ಸ್ವಲ್ಪ ಮದುವೆ ಉಳಿದಿರಬೇಕು.”

ಕ್ಯಾಸೆಟ್ ಬಂತು. ಅದಕ್ಕೆ ಬೂಷ್ಟು ಹಿಡಿದಿರಲಿಲ್ಲ. ಕಪ್ ಎತ್ತಿ ಆಟಗಾರರು ಕುಣಿದ ಮೇಲೆ, ಸರಿಯಾಗಿ ನಾಲ್ಕು ನಿಮಿಷದ ಮದುವೆ ಉಳಿದಿತ್ತು. ಅದರಲ್ಲಿ ಮದುಮಗಳಿಲ್ಲ, ಮದುಮಗನೂ ಇಲ್ಲ. ನಾಲ್ಕು ನಿಮಿಷವೂ ಹೆಂಡತಿಯ ಅಕ್ಕನೇ, ಕುರ್ಚಿಯಲ್ಲಿ ಕೂತು ಕೂದಲು ಸರಿಮಾಡಿಕೊಳ್ಳುತ್ತಿದ್ದಳು.

ಹೆಂಡತಿ ಅಡುಗೆಮನೆಗೆ ಹೋದಳು. ಮೇಷ್ಟ್ರು ಮೂರೂ ಡಿಸ್ಕು ಎತ್ತಿಕೊಂಡು, “ಕ್ವಾಲಿಟಿ ಮಾತ್ರ ಬಹಳ ಚೆನ್ನಾಗಿ ಬಂದಿದೆ” ಎಂದು ಬೆನ್ನು ತಟ್ಟಿ ಹೊರಟರು.

ಅಕ್ಕ ಮಾತ್ರ ಕದಲಲಿಲ್ಲ. ಆ ನಾಲ್ಕು ನಿಮಿಷವನ್ನು ಇನ್ನೊಮ್ಮೆ ಹಾಕಿಸಿ, ತೆರೆಯಿಂದ ಕಣ್ಣು ಕೀಳದೆ ತಂಗಿಯ ಗಂಡನಿಗೆ, “ನಾಳೆ ಇದನ್ನೂ ಅದೇ ಸ್ಟುಡಿಯೋಗೆ ಕೊಡಿ” ಎಂದಳು. “ನಿಧಾನವಾಗಿ ಬರೆಯೋಕೆ ಹೇಳಿ.”