ಬೆಕ್ಕಿಗೆ ಉಚ್ಚೆ ಕಟ್ಟೈತೆ ಡಾಕ್ಟ್ರೇ!

ನಾನು ಪಶುವೈದ್ಯ. ಸರ್ಕಾರ ನನಗೆ ಕೆಲಸ ಕೊಟ್ಟಿದ್ದು ಹಸು, ಎಮ್ಮೆ, ಕುರಿಗಳನ್ನು ನೋಡಿಕೊಳ್ಳಲಿ ಅಂತ. ಆದರೆ ಯಾವ ಊರಿಗೆ ವರ್ಗವಾಗಿ ಹೋದರೂ ಕುರ್ಚಿ ಬಿಸಿಯಾಗುವ ಮೊದಲೇ ಯಾರಾದರೊಬ್ಬರು ಕಂಕುಳಲ್ಲಿ ಬೆಕ್ಕು ಇಟ್ಟುಕೊಂಡು ಬಂದು ಅದರ ಉಚ್ಚೆಯ ವಿಚಾರ ತೆಗೆಯುತ್ತಾರೆ. ನನ್ನ ಹಣೆಯಲ್ಲೇ ಹಾಗೆ ಬರೆದಿರಬೇಕು.

ಜಗಳೂರಿನ ಲಕ್ಷ್ಮಿ

ಮೊದಲು ಕೆಲಸಕ್ಕೆ ಸೇರಿದ್ದು ಜಗಳೂರಿನಲ್ಲಿ. ಒಂದು ದಿನ ಕುರಿಗಳಿಗೆ ಜಂತಿನ ಔಷಧಿ ಕುಡಿಸುತ್ತಿದ್ದೆ. ಸಾಲಿನ ಕೊನೆಯಲ್ಲಿ ಒಬ್ಬ ಅಜ್ಜಿ, ಸೆರಗಿನೊಳಗೆ ಒಂದು ಬಿಳಿ ಬೆಕ್ಕು.

"ಡಾಕ್ಟ್ರೇ, ನಮ್ಮ ಲಕ್ಷ್ಮಿ ನಿನ್ನೆಯಿಂದ ಉಚ್ಚೆ ಹೊಯ್ದಿಲ್ಲ. ಕೂತ್ಕಂತಾಳೆ, ತಿಣುಕ್ತಾಳೆ, ಏಳ್ತಾಳೆ. ಒಂದು ಹನಿ ಇಲ್ಲ."

ಹೊಟ್ಟೆ ಮುಟ್ಟಿದೆ. ಮೂತ್ರಕೋಶ ನಿಂಬೆಹಣ್ಣಿನ ಹಾಗೆ ಗಟ್ಟಿ. ನನಗೆ ಅನುಮಾನ ಬಂತು. ಹೀಗೆ ಪೂರ್ತಿ ಕಟ್ಟಿಕೊಳ್ಳುವುದು ಹೆಚ್ಚಾಗಿ ಗಂಡು ಬೆಕ್ಕಿಗೆ. ಅದರ ಮೂತ್ರನಾಳ ದಾರದಷ್ಟು ಸಣ್ಣದು, ಹರಳು ಸಿಕ್ಕಿಕೊಂಡು ಒಂದೆರಡು ದಿನ ತಡವಾದರೆ ಜೀವಕ್ಕೇ ಅಪಾಯ. ಬಾಲ ಎತ್ತಿ ನೋಡಿದೆ.

"ಅಜ್ಜೀ, ಇದು ಗಂಡು."

"ಹೆಂಗಾಗ್ತೈತೆ? ಲಕ್ಷ್ಮಿ ಅಂತ ಹೆಸರಿಟ್ಟೀನಿ."

ಹೆಸರಿನ ಜಗಳ ಆಮೇಲೆ ಮಾಡೋಣ ಅಂತ ಮಂಪರಿನ ಇಂಜೆಕ್ಷನ್ ಕೊಟ್ಟು, ಸಣ್ಣ ನಳಿಕೆ ಹಾಕಿ ದಾರಿ ಬಿಡಿಸಿದೆ. ನನಗೂ ಅದು ಮೊದಲ ಬೆಕ್ಕು. ಅಷ್ಟು ಹೊತ್ತೂ ಅಜ್ಜಿ ಅದರ ತಲೆ ಹಿಡಿದುಕೊಂಡು ಕಣ್ಣೀರು ಹಾಕುತ್ತಿದ್ದಳು. ಮೂತ್ರಕೋಶ ಖಾಲಿಯಾದ ಮೇಲೆ ಮೂಗು ಒರೆಸಿಕೊಂಡು ಏನೋ ಯೋಚನೆ ಮಾಡಿದಳು. ಆಮೇಲೆ ಹಣೆ ಚಚ್ಚಿಕೊಂಡಳು.

"ಅದಕ್ಕೇ ಅನ್ನು! ಮೂರು ವರ್ಷ ಆದ್ರೂ ಬಸುರಾಗ್ಲಿಲ್ಲ ಅಂತ ಓಣಿಯಾಗಿನ ಗಂಡು ಬೆಕ್ಕುಗಳಿಗೆಲ್ಲ ಬೈದೀನಲ್ಲಪ್ಪೋ!"

ನ್ಯಾಮತಿಯ ಬಾಟಲಿ

ಈಗ ಹೇಳಲಿರುವ ಬೆಕ್ಕು ಆಮೇಲೆ ಗುಣವಾಯಿತು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನ್ಯಾಮತಿಯಲ್ಲಿದ್ದಾಗ ರೈತರೊಬ್ಬರು ಬಂದರು. ಅವರ ಬೆಕ್ಕು ಘಳಿಗೆಗೊಮ್ಮೆ ಕೂತು ಹನಿಹನಿ ಉಚ್ಚೆ ಹೊಯ್ಯುತ್ತಿತ್ತು, ಬಣ್ಣ ಕೆಂಪಗೆ. "ಪರೀಕ್ಷೆ ಮಾಡಬೇಕು, ಒಂದು ಚಮಚದಷ್ಟು ಹಿಡ್ಕೊಂಡು ಬನ್ನಿ" ಅಂತ ಹೆಬ್ಬೆರಳಿನಷ್ಟು ಬಾಟಲಿ ಕೊಟ್ಟು ಕಳಿಸಿದೆ.

ಮರುದಿನ ಬಂದು ಮೇಜಿನ ಮೇಲೆ ಇಟ್ಟಿದ್ದು ಎರಡು ಲೀಟರಿನ ತಂಪುಪಾನೀಯದ ಬಾಟಲಿ. ಕುತ್ತಿಗೆ ಮಟ್ಟ ತುಂಬಿತ್ತು.

"ಇಷ್ಟೂ ಬೆಕ್ಕು ಹೊಯ್ತೇನ್ರೀ?"

"ಅದು ಎಲ್ಲಿ ಕೊಡ್ತೈತೆ ಸಾರ್! ಬೆಳಗ್ಗಿಂದ ಬಾಟ್ಲಿ ಹಿಡ್ಕಂಡು ಅದರ ಹಿಂದೆ ಓಡೀನಿ. ಅಟ್ಟ ಹತ್ತಿತು, ಹೆಂಚು ಹತ್ತಿತು. ನಾನು ಕೂತರೆ ಅದು ಏಳ್ತೈತೆ. ನೋಡಿದೋರೆಲ್ಲ ನನಗೇ ಏನೋ ಆಗೈತೆ ಅಂದ್ರು. ಸಾಕಾಗಿ ಎಮ್ಮೇದು ಹಿಡ್ಕಂಡು ಬಂದೆ."

"ಎಮ್ಮೇದು ತಗೊಂಡು ನಾನೇನು ಮಾಡ್ಲಿ?"

ಅವರು ನನ್ನನ್ನು ಕನಿಕರದಿಂದ ನೋಡಿದರು.

"ಬೆಕ್ಕು ಕುಡಿಯೋದು ಅದರ ಹಾಲೇ ಅಲ್ವೇನ್ರೀ?"

ಹೊನ್ನಾಳಿಯ ಇಬ್ಬರು ಅಮ್ಮಂದಿರು

ಹೊನ್ನಾಳಿಯಲ್ಲಿ ಶಾಲೆಯ ಟೀಚರೊಬ್ಬರು ಕಂದು ಬೆಕ್ಕನ್ನು ಬುಟ್ಟಿಯಲ್ಲಿ ತಂದರು. ಹಿತ್ತಿಲಲ್ಲಿ ಅದಕ್ಕಾಗಿಯೇ ಮರಳಿನ ತಟ್ಟೆ ಇಟ್ಟಿದ್ದರಂತೆ. ಮೂರು ದಿನದಿಂದ ಮರಳು ಒಣಗಿಯೇ ಇದೆ ಅಂದರು. ಗಾಬರಿಯಲ್ಲಿ ರಜೆ ಹಾಕಿ ಬಂದಿದ್ದರು.

ಹೊಟ್ಟೆ ಒತ್ತಿ ನೋಡಿದೆ, ಮೂತ್ರಕೋಶ ಖಾಲಿ. ಬೆಕ್ಕು ಆರಾಮಾಗಿ ಗುರುಗುಟ್ಟುತ್ತಿತ್ತು. ಮೂರು ದಿನ ಹೊಯ್ಯದ ಉಚ್ಚೆ ಹೋಯಿತೆಲ್ಲಿಗೆ? ನಾನು ತಲೆ ಕೆರೆದುಕೊಳ್ಳುತ್ತಿರುವಾಗ ಇನ್ನೊಬ್ಬ ಹೆಂಗಸು ಒಳಗೆ ಬಂದರು.

"ಸಾರ್, ನಮ್ಮನೆ ಬೆಕ್ಕು ಮೂರು ದಿನದಿಂದ ಬಚ್ಚಲಾಗೆ ಒಂದೇ ಸಮ ಉಚ್ಚೆ ಹೊಯ್ತೈತೆ. ಸಕ್ಕರೆ ಕಾಯಿಲೆ ಇರಬೌದಾ? ಕರ್ಕಂಡು ಬರಾಕೆ ಹುಡುಕಿದೆ, ಬೆಳಗ್ಗಿಂದ ಕಾಣ್ತಾ ಇಲ್ಲ..." ಅಂದವರು ಮೇಜಿನ ಕಡೆ ನೋಡಿ ನಿಂತುಬಿಟ್ಟರು. "ಅಯ್ಯೋ, ರಾಜಾ!"

"ರಾಜ ಅಲ್ಲ, ಇವನು ಪುಟ್ಟ" ಅಂದರು ಟೀಚರು.

ಇಬ್ಬರದೂ ಅಕ್ಕಪಕ್ಕದ ಬೀದಿ. ಎರಡು ವರ್ಷದಿಂದ ಅದು ಇಬ್ಬರ ಮನೆಯಲ್ಲೂ ಎರಡೆರಡು ಹೊತ್ತು ಉಂಡುಕೊಂಡು ಬಂದಿತ್ತು. ವಿಚಾರಿಸಿದರೆ, ಟೀಚರು ಮೂರು ದಿನದ ಹಿಂದೆ ತಟ್ಟೆಯ ಮರಳಿಗೆ ಫಿನಾಯಿಲ್ ಹಾಕಿದ್ದರಂತೆ. ವಾಸನೆ ಸೇರದೆ ಅದು ವ್ಯವಹಾರವನ್ನು ಪಕ್ಕದ ಬೀದಿಗೆ ಸಾಗಿಸಿತ್ತು.

ಜಗಳ ಆಗುತ್ತದೆ ಅಂದುಕೊಂಡೆ. ಟೀಚರು ನಿಟ್ಟುಸಿರು ಬಿಟ್ಟು ಕೇಳಿದರು: "ನಿಮ್ಮನೇಲೂ ಮೊಸರನ್ನಕ್ಕೆ ಉಪ್ಪು ಹಾಕಿದ್ರೆ ಮುಖ ತಿರುಗಿಸ್ತಾನಾ?"

"ಉಪ್ಪಾ? ನಮ್ಮನೇಲಿ ತುಪ್ಪ ಹಾಕಿದ್ರೇ ಅವನು ಮೂಸೋದು!"

ಹೋಗುವಾಗ ಬುಟ್ಟಿಯನ್ನು ಇಬ್ಬರೂ ಒಂದೊಂದು ಕಡೆ ಹಿಡಿದುಕೊಂಡಿದ್ದರು. ಇಬ್ಬರಿಗೂ ಒಂದೇ ಚೀಟಿ ಬರೆದುಕೊಟ್ಟೆ: ಕಾಯಿಲೆ ಏನೂ ಇಲ್ಲ, ಊಟ ಅರ್ಧ ಮಾಡಿ.

ಚನ್ನಗಿರಿಯ ಒಪ್ಪಿಗೆ

ಈಗ ಚನ್ನಗಿರಿಯಲ್ಲಿದ್ದೇನೆ. ಅಡಿಕೆ ವ್ಯಾಪಾರಿಯೊಬ್ಬರ ಮಗಳು ಒಂದು ಶನಿವಾರ ಬೆಳಗ್ಗೆ ಕರಿ ಬೆಕ್ಕನ್ನು ಎದೆಗೆ ಒತ್ತಿಕೊಂಡು ಓಡಿ ಬಂದಳು. ಹಿಂದೆಯೇ ಅವಳ ಅಪ್ಪ, ಅಮ್ಮ. ಗಂಡು ಬೆಕ್ಕು, ಎರಡು ದಿನದಿಂದ ಉಚ್ಚೆ ಕಟ್ಟಿತ್ತು. ವಾಂತಿ ಮಾಡಿಕೊಂಡು ಕಣ್ಣು ತೇಲಿಸುತ್ತಿತ್ತು.

"ಉಳೀತೈತಾ ಡಾಕ್ಟ್ರೇ?" ಅಂದಳು ಹುಡುಗಿ.

ನಿಜ ಹೇಳಬೇಕೆಂದರೆ ನನಗೆ ಗೊತ್ತಿರಲಿಲ್ಲ. "ನೋಡೋಣಮ್ಮ" ಅಂದೆ. ನಳಿಕೆ ಹೋಗಲು ಒಂದು ಗಂಟೆ ಹಿಡಿಯಿತು. ಡ್ರಿಪ್ ಹಾಕಿ ನಳಿಕೆಯನ್ನು ಹಾಗೇ ಬಿಟ್ಟೆ. ಹುಡುಗಿ ಪಕ್ಕದಿಂದ ಕದಲಲಿಲ್ಲ. ಅವಳ ಅಮ್ಮ ನನ್ನ ಹತ್ತಿರ ಪಿಸುಗುಟ್ಟಿದರು: "ನಾಳಿದ್ದು ಇವಳನ್ನ ನೋಡಾಕೆ ಗಂಡಿನ ಕಡೆಯೋರು ಬರ್ತಾರೆ ಸಾರ್. ಅತ್ತೂ ಅತ್ತೂ ಮುಖ ಹೆಂಗೆ ಊದೈತೆ ನೋಡ್ರಿ."

ಭಾನುವಾರದ ಹೊತ್ತಿಗೆ ಬೆಕ್ಕು ತಲೆ ಎತ್ತಿ ನನ್ನ ಕೈ ಪರಚಿತು. ನನಗೆ ಆಸೆ ಹುಟ್ಟಿತು. ಸೋಮವಾರ ಬೆಳಗ್ಗೆ ನಳಿಕೆ ತೆಗೆದು, "ಸಂಜೆಯೊಳಗೆ ಇದು ತಾನಾಗಿ ಉಚ್ಚೆ ಹೊಯ್ಯಬೇಕು. ಹೊಯ್ದ ಕೂಡಲೇ ಫೋನ್ ಮಾಡಿ. ಹೊಯ್ಯದಿದ್ರೆ ಶಿವಮೊಗ್ಗಕ್ಕೆ ಕರ್ಕೊಂಡು ಹೋಗಬೇಕು" ಅಂತ ಹೇಳಿ ಕಳಿಸಿದೆ.

ಮಧ್ಯಾಹ್ನ ಮೂರು ಗಂಟೆಯಾದರೂ ಸುದ್ದಿ ಇಲ್ಲ. ನನಗೆ ಊಟ ಸೇರಲಿಲ್ಲ. ನಾಲ್ಕಕ್ಕೆ ಫೋನ್ ಬಂತು.

"ಹೊಯ್ತು ಡಾಕ್ಟ್ರೇ! ಹೊಯ್ತು!" ಹುಡುಗಿಯ ಅಪ್ಪ ಕೂಗುತ್ತಿದ್ದರು. ಹಿಂದೆ ಹುಡುಗಿಯ ಅಳು, ನಗು, ಅಮ್ಮನ "ದೇವ್ರೇ, ಕಾಪಾಡಿದೆ", ಯಾರದೋ ಕೈಯಿಂದ ಲೋಟ ಬಿದ್ದ ಸದ್ದು.

"ಎಷ್ಟು ಹೊಯ್ತು?"

"ಜಮಖಾನ ತುಂಬ!"

"ಯಾವ ಜಮಖಾನ?"

ಅವರು ದನಿ ತಗ್ಗಿಸಿದರು. "ಬೀಗರು ಕೂತಿರೋದು."

ಗಂಡಿನ ಕಡೆಯವರು ಚಹಾ ಕುಡಿಯುತ್ತಿದ್ದಾಗ ಬೆಕ್ಕು ನಡುಮನೆಗೆ ಬಂದು, ಹುಡುಗನ ತಂದೆಯ ಮಗ್ಗುಲಲ್ಲೇ ಕೂತು ಕೆಲಸ ಮುಗಿಸಿತ್ತು. ಹುಡುಗಿ ಚಹಾದ ತಟ್ಟೆ ಬಿಟ್ಟು ಕುಣಿದಿದ್ದಳು. ಬಂದವರು ದಂಗಾಗಿ ಕೂತಿದ್ದರು. ಹುಡುಗಿಯ ಅಪ್ಪ ಗಡಿಬಿಡಿಯಲ್ಲಿ ಫೋನ್ ಕಟ್ ಮಾಡುವುದನ್ನೇ ಮರೆತಿದ್ದರಿಂದ ಮುಂದಿನದೆಲ್ಲ ನನಗೆ ಕೇಳಿಸಿತು.

"ತಪ್ಪು ತಿಳ್ಕಬ್ಯಾಡ್ರಿ ಯಜಮಾನ್ರೇ" ಅಂತ ಅವರು ಉಚ್ಚೆ ಕಟ್ಟಿದ್ದು, ನಳಿಕೆ ಹಾಕಿದ್ದು, ಮನೆಮಂದಿಯೆಲ್ಲ ಮೂರು ದಿನ ಅನ್ನ ನಿದ್ದೆ ಬಿಟ್ಟಿದ್ದು, ಎಲ್ಲಾ ವಿವರಿಸಿದರು. ಆಮೇಲೆ ಲೋಟಗಳನ್ನು ಕೆಳಗಿಟ್ಟ ಸದ್ದು. ಸಂಬಂಧ ಮುರಿಯಿತು ಅಂದುಕೊಂಡೆ.

ಕೊನೆಗೆ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡ ದನಿ ಕೇಳಿಸಿತು. ಹುಡುಗನ ತಂದೆಯೇ ಇರಬೇಕು.

"ಎರಡು ತಿಂಗಳಿಂದ ನನಗೂ ಸರಿಯಾಗಿ ಉಚ್ಚೆ ಆಗ್ತಾ ಇಲ್ಲ. ನಮ್ಮನೇಲಿ ಒಬ್ರಾದ್ರೂ ಹೆಂಗಿದೀಯ ಅಂತ ಕೇಳಿಲ್ಲ. ಈ ಹುಡುಗೀನೇ ನಮ್ಮನೆಗೆ ಬರ್ಲಿ ಬಿಡ್ರಿ!"