ಅತ್ತೆಯ ಕಣ್ಣಿಗೆ ಸೋಮವಾರದ ರಜೆ

ನನ್ನ ಸೋದರತ್ತೆ ಪ್ರತಿ ಸೋಮವಾರ ಬೆಳಿಗ್ಗೆ ಕುರುಡಿಯಾಗುತ್ತಿದ್ದರು. ಮಂಗಳವಾರ ಕೋಳಿ ಕೂಗುವ ಹೊತ್ತಿಗೆ ಅವರಿಗೆ ಮತ್ತೆ ದೃಷ್ಟಿ ಬರುತ್ತಿತ್ತು! ಇದನ್ನು ಯಾರೂ ಉತ್ಪ್ರೇಕ್ಷೆಯೆಂದು ಭಾವಿಸಬಾರದು. ನಾನು ನಮ್ಮ ವಂಶದ ಮೊದಲ ಬಿ.ಎ. ಪದವೀಧರ, ಆಧಾರವಿಲ್ಲದ ಮಾತನ್ನು ಬರೆಯಲು ನನಗೆ ಭಯವಾಗುತ್ತದೆ.

ಕೊಡಗು ಇನ್ನೂ ತನ್ನ ಪಾಡಿಗೆ ತಾನೊಂದು ರಾಜ್ಯವಾಗಿದ್ದ ಕಾಲವದು. ಸೋಮವಾರಪೇಟೆಯಲ್ಲಿ ಉಪಾಧ್ಯಾಯನಾಗಿದ್ದ ನಾನು ಪಕ್ಕದ ಹಳ್ಳಿಯಲ್ಲಿದ್ದ ಅತ್ತೆಯ ಮನೆಯಲ್ಲೇ ವಾಸವಾಗಿದ್ದೆ. ಸೋಮವಾರ ನಮ್ಮವರು ಎತ್ತಿನ ಹೆಗಲಿಗೆ ನೊಗವಿಡುವುದಿಲ್ಲ. ಬಸವಣ್ಣನಿಗೆ ಅಂದು ಬಿಡುವು. ಅತ್ತೆ ಆ ನಿಯಮವನ್ನು ತಮ್ಮ ಕಣ್ಣುಗಳಿಗೂ ವಿಸ್ತರಿಸಿದ್ದರು! ಮಿಂದು, ವಿಭೂತಿ ಧರಿಸಿ, ಹಳೆಯ ಸೀರೆಯ ತುಂಡೊಂದನ್ನು ಕಣ್ಣಿಗೆ ಬಿಗಿದು, ದಿನವಿಡೀ ಹಾಗೆಯೇ ಮನೆವಾರ್ತೆ ನಡೆಸುತ್ತಿದ್ದರು. ಕಣದಲ್ಲಿ ಒಣಗುತ್ತಿದ್ದ ಕಾಫಿ ಹಣ್ಣನ್ನು ಹಿಡಿಯಲ್ಲಿ ತೆಗೆದು ಕಿವಿಯ ಬಳಿ ಅಲುಗಿಸುವರು. ಗಲಗಲ ಎಂದರೆ ಒಣಗಿದೆ. ಸದ್ದಿಲ್ಲದಿದ್ದರೆ, "ಇದು ಒದ್ದೆ ಐತೆ. ಇನ್ನೊಂದೆರಡು ಬಿಸಿಲು ಬೇಕು" ಎಂಬ ತೀರ್ಪು.

ಏಕೆ ಈ ವ್ರತ? ಕುತೂಹಲ ತಾಳಲಾರದೆ ಕೇಳಿಯೇಬಿಟ್ಟೆ.

"ನಿಮ್ಮಜ್ಜಿಗೆ ವಯಸ್ಸಾದ ಮ್ಯಾಲೆ ಕಣ್ಣು ಹೋಯ್ತಲ್ಲ, ಏನು ಸಿಕ್ತು ಹೇಳು? ಒಂದು ಮೂಲೆ! ಹೊತ್ತೊತ್ತಿಗೆ ಅನ್ನ ಕೊಟ್ರು, ಕೆಲಸ ಕೊಡಲಿಲ್ಲ. ನಂಗೂ ಈಗ ದೀಪದ ಸುತ್ತ ಬಣ್ಣದ ಬಳೆ ಕಾಣ್ತದೆ. ನಂಗೆ ಆ ಮೂಲೆ ಬ್ಯಾಡ ಕಣ್ಲಾ."

ಅವರೇ ಮುಂದುವರಿಸಿದರು: "ನಿಮ್ಮ ಮಾವ ಹೇಳದೆ ಕೇಳದೆ ತೀರ್ಕೊಂಡ್ರು. ಆಗ ನಂಗೆ ನಮ್ಮ ತೋಟದ ಗಡಿ ಎಲ್ಲೈತೆ ಅಂತ್ಲೂ ಗೊತ್ತಿರಲಿಲ್ಲ. ಅತ್ಕೊಂಡೇ ಕಲ್ತೆ. ಈ ಸಲದ ಕಷ್ಟ ಹೇಳಿ ಬತ್ತಾ ಐತೆ. ಅದೇ ದೊಡ್ಡ ಮರ್ಯಾದೆ!"

ಒತ್ತಾಯದಿಂದ ಮಡಿಕೇರಿಗೆ ಕರೆದೊಯ್ದೆ. ವೈದ್ಯರು ಔಷಧದ ಹನಿ ಕೊಟ್ಟು, ದೃಷ್ಟಿ ಹೋಗುವುದನ್ನು ತಡಮಾಡಬಹುದೇ ಹೊರತು ತಡೆಯಲಾಗದೆಂದು ನನಗೆ ಮೆಲ್ಲಗೆ ತಿಳಿಸಿದರು. ಬಳಿಕ ಗಟ್ಟಿಯಾಗಿ, "ಕಣ್ಣಿಗೆ ಹೆಚ್ಚು ಶ್ರಮ ಕೊಡಬೇಡಿ ತಾಯಿ" ಎಂದರು.

"ಅದಕ್ಕೇ ಸ್ವಾಮಿ, ವಾರಕ್ಕೊಂದಿನ ರಜಾ ಕೊಟ್ಟಿದೀನಿ!"

ಆದರೂ ವಿದ್ಯಾವಂತನ ಸಂಶಯ ಸುಮ್ಮನಿರುತ್ತದೆಯೇ? ಆ ಬಟ್ಟೆಯೇ ತೆಳುವಾಗಿರಬಹುದಲ್ಲವೇ? ಒಂದು ಮಂಗಳವಾರ, ಶುದ್ಧ ಪರೀಕ್ಷಾ ದೃಷ್ಟಿಯಿಂದ, ಅದನ್ನು ನಾನೇ ಕಟ್ಟಿಕೊಂಡು ಪಡಸಾಲೆಯಲ್ಲಿ ನಡೆದೆ. ಹಣೆಗೆ ಏನೋ ಬಲವಾಗಿ ಬಡಿಯಿತು.

ಅಡುಗೆಮನೆಯಿಂದ ಧ್ವನಿ ಬಂತು: "ಅದು ಕಂಬ ಕಣ್ಲಾ. ನಿಮ್ ಬಿ.ಎ.ನಲ್ಲಿ ಅದ್ನ ಹೇಳ್ಕೊಡಲಿಲ್ವಾ?"

ಇಷ್ಟಾದರೂ ಸಹಿಸಬಹುದಿತ್ತು. ನನ್ನನ್ನು ನೋಡಲು ಹೆಣ್ಣಿನ ಕಡೆಯವರು ಬಂದದ್ದೂ ಸೋಮವಾರವೇ! "ಇವತ್ತೊಂದು ದಿನ ಬಿಚ್ಚಿ ಅತ್ತೆ" ಎಂದು ಬೇಡಿಕೊಂಡೆ. "ಕುರುಡು ಬಂದ್ಮೇಲೆ ನೆಂಟರು ಬಂದವ್ರೆ ಅಂತ ಎದ್ದೋಯ್ತದಾ?" ಎಂದರು. ಹುಡುಗಿಯ ತಂದೆ ಭಾರಿ ಆಳು. ಅವರು ಕುಳಿತೊಡನೆ ಕುರ್ಚಿ ನರಳಿತು. ಅತ್ತೆ ಆ ದಿಕ್ಕಿಗೆ ಮುಖ ತಿರುಗಿಸಿ, "ಸಂತೋಷ ಆಯ್ತು. ಹುಡುಗಿ ಮನೇಲಿ ಊಟಕ್ಕೇನೂ ಕಮ್ಮಿ ಇಲ್ಲ" ಎಂದು ಘೋಷಿಸಿದರು. ನಾನು ಭೂಮಿ ಬಾಯ್ದೆರೆಯಲೆಂದು ಪ್ರಾರ್ಥಿಸಿದೆ. ಆ ಮಹನೀಯರೋ ಕುರ್ಚಿ ಮುರಿಯುವಂತೆ ನಕ್ಕರು. ಇಂದು ನನಗೆ ಹೆಣ್ಣು ಕೊಟ್ಟ ಮಾವನವರು ಅವರೇ.

ಮುಂದಿನ ಕಾಫಿ ಕುಯ್ಲಿನ ಒಂದು ಸೋಮವಾರ ಸಂಜೆ ಶಾಲೆಯಿಂದ ಹಿಂದಿರುಗಿದಾಗ ಅತ್ತೆ ಕಣದ ನಟ್ಟನಡುವೆ ಕುಳಿತು ಹಣ್ಣು ಅಲುಗಿಸುತ್ತಿದ್ದರು. ಕಣ್ಣಿಗೆ ಬಟ್ಟೆಯಿರಲಿಲ್ಲ.

"ಇದೇನತ್ತೆ, ಇವತ್ತು ಸೋಮವಾರವಲ್ಲವೇ? ಬಟ್ಟೆ ಎಲ್ಲಿ?"

"ಹಾಲು ಸೋಸೋಕೆ ಹಾಕಿದೀನಿ. ಇನ್ನು ಅದ್ಯಾಕ್ಲಾ?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವರ ತೆರೆದ ಕಣ್ಣು ನನ್ನತ್ತ ತಿರುಗಿರಲೇ ಇಲ್ಲ.

"ಹತ್ರ ಬಾ. ಮನೆ, ಕಣ, ತೋಟ ಎಲ್ಲಾ ಕಲ್ತಾಯ್ತು. ನಿನ್ ಮುಖ ಒಂದು ಬಾಕಿ ಐತೆ."

ಎದುರಿಗೆ ಕುಳಿತೆ. ಕಾಫಿಯ ಸಿಪ್ಪೆಯಿಂದ ಒರಟಾದ ಬೆರಳುಗಳು ಹಣೆಯಿಂದ ಇಳಿದುಬಂದವು. ನಾನು ಹೇಗೋ ನಗಲು ಪ್ರಯತ್ನಿಸಿದೆ.

"ಹಲ್ಲು ಕಿಸೀಬ್ಯಾಡ. ನನ್ ಮ್ಯಾಲೆ ರೇಗ್ತೀಯಲ್ಲ, ಆ ಮುಖ ಮಾಡು. ಇನ್ಮ್ಯಾಲೆ ನಂಗೆ ಜಾಸ್ತಿ ಬೇಕಾಗೋದು ಅದೇ."

ಹುಬ್ಬು ಗಂಟಿಕ್ಕಿದೆ. ಅವರ ಬೆರಳು ನನ್ನ ಕೆನ್ನೆಯ ಮೇಲೆ ಬಂದು ತಟ್ಟನೆ ನಿಂತಿತು.

"ಥೂ, ಇದು ಒದ್ದೆ ಐತೆ" ಎಂದರು ಅತ್ತೆ. "ಇನ್ನೊಂದೆರಡು ಬಿಸಿಲು ಬೇಕು."